ಚರ್ಮದ ಮದ್ದು, ನನ್ನ ಕಣ್ಣು

ಮದುವೆಯ ರವಿಕೆಗೆ ಕೆಂಪು ದಾರದ ಬದಲು ಕಂದು ದಾರ ಹಾಕಿ ಹೊಲಿದುಬಿಟ್ಟಿದ್ದೆ. ಗಿರಾಕಿ ಬೈದು ಹೋದಳು. ಮಧುಗಿರಿಯಲ್ಲಿ ಇಷ್ಟು ವರ್ಷ ಹೊಲಿಗೆ ಅಂಗಡಿ ನಡೆಸಿದವಳಿಗೆ ದಾರದ ಬಣ್ಣ ತಿಳಿಯದೆ ಹೋಯಿತೇ ಎಂದು ನನ್ನನ್ನು ನಾನೇ ಬೈದುಕೊಂಡೆ. ಮರುದಿನ ಎಡಗಣ್ಣು ಕೆಂಪಗಾಯಿತು. ಆಮೇಲೆ ಬಲಗಣ್ಣೂ ಮಬ್ಬಾಯಿತು.

ಬೆಂಗಳೂರಿನ ಆಸ್ಪತ್ರೆಯಲ್ಲಿ ಯುವಿಯೈಟಿಸ್ ಎಂದರು. ಕಣ್ಣಿನೊಳಗಿನ ಉರಿಯೂತ.

ದೃಷ್ಟಿಯೇ ಹೋಗಬಹುದು.

ಕೊಟ್ಟ ಸ್ಟೀರಾಯ್ಡ್ ಮಾತ್ರೆ ಕಡಿಮೆ ಮಾಡಿದಾಗಲೆಲ್ಲ ಮಬ್ಬು ವಾಪಸು ಬರುತ್ತಿತ್ತು. ಕೊನೆಗೆ ಡಾಕ್ಟರು ಒಂದು ಟ್ರಯಲ್ ಬಗ್ಗೆ ಹೇಳಿದರು. ಸೋರಿಯಾಸಿಸ್ ಎಂಬ ಚರ್ಮದ ಕಾಯಿಲೆಗೆ ಮಾರುವ ಇಂಜೆಕ್ಷನ್ನನ್ನೇ ಕಣ್ಣಿಗೂ ಆಗುತ್ತದೆಯೇ ಎಂದು ಕೊಟ್ಟು ನೋಡುತ್ತಾರಂತೆ.

"ಚರ್ಮದ ಮದ್ದ ಕಣ್ಣಿಗೆ ಹೆಂಗಮ್ಮ ಹಾಕ್ತಾರೆ?" ಎಂದರು ನಮ್ಮತ್ತೆ.

ಕಣ್ಣಿಗಲ್ಲ, ಹೊಟ್ಟೆಗೆ ಚುಚ್ಚುತ್ತಾರೆ ಎಂದೆ. ಅವರಿಗೆ ಇನ್ನೂ ಭಯವಾಯಿತು. ನನಗೂ. ಆದರೂ ಒಪ್ಪಿದೆ.

ಸಿರಾದಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ತಮ್ಮ ರಂಗನಿಗೆ ಮಾತ್ರ ಖುಷಿ. ಆ ಮದ್ದಿನ ಕಂಪನಿಯ ಶೇರು ಕೊಂಡೇಬಿಟ್ಟ. "ಹಳೇ ಮದ್ದು, ಹೊಸ ಕಾಯಿಲೆ. ಕಣ್ಣಿಗೂ ಹತ್ತಿದ್ರೆ ಶೇರು ಎಲ್ಲಿಗೋ ಹೋಯ್ತದೆ ಕಣಕ್ಕ." ದಿನಾ ಬೆಳಿಗ್ಗೆ ಶೇರು ನೋಡಿ, ಆಮೇಲೆ ನನಗೆ ಫೋನು ಮಾಡುತ್ತಿದ್ದ.

"ನನ್ನ ಕಣ್ಣಿನ ಮೇಲೆ ಬಾಜಿ ಕಟ್ಟಿದ್ದೀಯೇನ್ಲಾ?" ಎಂದು ಉಗಿದೆ.

ಮೂರನೇ ಇಂಜೆಕ್ಷನ್ ಹೊತ್ತಿಗೆ ಸೂಜಿಗೆ ದಾರ ಪೋಣಿಸಿದೆ. ಮೆಷಿನ್ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ.

ಒಂದು ದಿನ ರಂಗ ಅಂಗಡಿಗೇ ಬಂದ. "ಶೇರು ಬಿದ್ದೋಯ್ತು ಕಣಕ್ಕ, ಮುಳುಗ್ಬುಟ್ಟೆ. ಟ್ರಯಲ್ ಫೇಲಂತೆ." ಅಂದವನು ನನ್ನ ಮುಖ ನೋಡಿ ಫೋನು ಜೇಬಿಗಿಟ್ಟ.

ನನ್ನ ಕಣ್ಣಿನ ಸುದ್ದಿ ನನಗಿಂತ ಮೊದಲು ಶೇರುಪೇಟೆಗೆ ತಲುಪಿತ್ತು.

ಅಂಗಡಿ ಬಾಗಿಲು ಹಾಕಿ ಬೆಂಗಳೂರಿನ ಆಸ್ಪತ್ರೆಗೆ ಹೊರಟೆವು. ಬಸ್ಸಿನಲ್ಲಿ ರಂಗ ನನ್ನ ಕೈ ಬಿಡಲಿಲ್ಲ. "ಹೆಚ್ಚಿನವರಿಗೆ ಉಪಯೋಗವಾಗಲಿಲ್ಲ, ಟ್ರಯಲ್ ನಿಲ್ಲಿಸ್ತಾರೆ," ಎಂದರು ಡಾಕ್ಟರು. "ನಿಮಗೆ ಹತ್ತಿದೆ. ಯಾಕೆ ಅಂತ ನನಗೂ ಗೊತ್ತಿಲ್ಲ. ಚರ್ಮಕ್ಕೆ ಅಂತ ಮಾರ್ಕೆಟ್‌ನಲ್ಲಿ ಇದ್ದೇ ಇದೆ, ಬರೆದುಕೊಡ್ತೀನಿ. ಎಷ್ಟು ದಿನ ಕೆಲಸ ಮಾಡುತ್ತೋ ಹೇಳಲಾರೆ."

ಶೇರು ಕೊಂಡವರು ಮಾರಿ ಹೋದರು. ನಾನೆಲ್ಲಿಗೆ ಹೋಗಲಿ? ಯಾರದೋ ಚರ್ಮದ ಕಾಯಿಲೆಯ ದೆಸೆಯಿಂದ ನನ್ನ ಮದ್ದು ಇನ್ನೂ ಅಂಗಡಿಯಲ್ಲಿದೆ. ಆ ಕಾಣದ ಜನರಿಗೆ ಕೈಮುಗಿಯುತ್ತೇನೆ, ಹಾಗೆ ಮುಗಿಯಲು ನಾಚಿಕೆಯೂ ಆಗುತ್ತದೆ.

ರಂಗ ಈಗಲೂ ಬೆಳಿಗ್ಗೆ ಫೋನು ಮಾಡುತ್ತಾನೆ. ಶೇರಿನ ಮಾತಿಲ್ಲ. "ದಾರ ಹೋಯ್ತಾ ಅಕ್ಕ?" ಅನ್ನುತ್ತಾನೆ. ಅಂಗಡಿ ಬಾಗಿಲು ತೆಗೆದ ಕೂಡಲೇ ನಾನು ಸೂಜಿಗೆ ದಾರ ಪೋಣಿಸಿ ನೋಡುವುದು ಅವನಿಗೆ ಗೊತ್ತು.

ನಿನ್ನೆ ಎರಡು ಸಲ ತಪ್ಪಿತು. ಮೂರನೇ ಸಲ ಹೋಯಿತು.

"ಹೋಯ್ತು ಕಣ್ಲಾ," ಎಂದಷ್ಟೇ ಹೇಳಿದೆ.