ಹನ್ನೊಂದನೆಯ ಬದಲಾವಣೆ

ಹೊಸ ವಸ್ತುವಿನ ಜೊತೆ ಬರುವ ಚೀಟಿಯನ್ನು ನಾನು ಓದುವುದಿಲ್ಲ. ಔಷಧದ ಡಬ್ಬಿಯೊಳಗೆ ಎಂಟು ಮಡಿಕೆ ಮಾಡಿ ತುರುಕಿದ ತೆಳು ಕಾಗದವಿರಲಿ, ಮಿಕ್ಸರ್ ಜೊತೆ ಬರುವ ಪುಸ್ತಿಕೆಯಿರಲಿ, ಗೌರವದಿಂದ ತೆಗೆದು ಕಪಾಟಿನ ಮೇಲಿನ ಖಾನೆಯಲ್ಲಿಟ್ಟು ಬಾಗಿಲು ಹಾಕುತ್ತೇನೆ. ಎರಡು ಪದವಿ ಪಡೆದವನು ಒಂದು ಕುಕ್ಕರಿನಿಂದ ಪಾಠ ಹೇಳಿಸಿಕೊಳ್ಳಬೇಕೇ ಎಂಬ ಬಿಂಕ. ಧಾರವಾಡದಲ್ಲಿ ಗಣಿತ ಓದುವಾಗ ನಮಗೆ ಮೊದಲು ಕಲಿಸಿದ್ದೇ ಯಾವುದನ್ನೂ ಪುರಾವೆಯಿಲ್ಲದೆ ನಂಬಬಾರದೆಂದು. ಆ ಪಾಠವನ್ನು ನಾನು ಎಷ್ಟು ಚೆನ್ನಾಗಿ ಕಲಿತೆನೆಂದರೆ ದೇವರನ್ನು ಸಂಶಯಿಸಿದೆ, ಸರಕಾರವನ್ನು ಸಂಶಯಿಸಿದೆ, ಹವಾಮಾನ ವರದಿಯನ್ನಂತೂ ಕೇಳುವ ಮೊದಲೇ ಸಂಶಯಿಸಿದೆ. ನನ್ನ ನೆನಪೊಂದನ್ನು ಮಾತ್ರ ಸಂಶಯಿಸಬೇಕೆಂದು ತೋಚಲೇ ಇಲ್ಲ. ಅದಕ್ಕೆ ಒಂದು ಫ್ಲಾಪಿ ಬರಬೇಕಾಯಿತು.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾಶಿಕದ ಅಂಬಡ್‌ನಲ್ಲಿ ವಿದ್ಯುತ್ ಸ್ವಿಚ್ಚು ತಯಾರಿಸುವ ಕಾರ್ಖಾನೆಯೊಂದರ ಆಫೀಸಿನಲ್ಲಿ ನಾನಿದ್ದೆ. ಗಣಿತ ಓದಿದ ಅಪರಾಧಕ್ಕೆ ನನ್ನನ್ನು ಪ್ರೋಗ್ರಾಮರ್ ಮಾಡಿದ್ದರು. ಕಂಪ್ಯೂಟರ್ ಇದ್ದ ಕೋಣೆಗೆ ಚಪ್ಪಲಿ ಹೊರಗೆ ಬಿಟ್ಟೇ ಹೋಗಬೇಕು. ಕಾರ್ಖಾನೆಯಲ್ಲಿ ಎ.ಸಿ. ಇದ್ದದ್ದು ಎರಡೇ ಕಡೆ, ಮ್ಯಾನೇಜರ್ ಪಾಟೀಲ್ ಸಾಹೇಬರ ಕೋಣೆಯಲ್ಲಿ ಮತ್ತು ಅದರ ಕೋಣೆಯಲ್ಲಿ. ತಮ್ಮ ಎ.ಸಿ. ಕೆಟ್ಟಾಗ ಸಾಹೇಬರು ಫೈಲು ಹಿಡಿದು ಬರಿಗಾಲಲ್ಲಿ ಅದರ ಕೋಣೆಗೆ ಬಂದು ಕೂರುತ್ತಿದ್ದರು. ಅದು ಒಂದು ದಿನವೂ ಅವರ ಕೋಣೆಗೆ ಹೋಗಲಿಲ್ಲ. ಯಾರು ದೊಡ್ಡವರೆಂದು ತಿಳಿಯಲು ಇಷ್ಟು ಸಾಕು.

ಈ ಯಂತ್ರದ ಜೊತೆ ಮಾತಾಡಲು ಒಂದು ಭಾಷೆಯಿತ್ತು. ಅದರ ಹೆಸರು ಈಗ ಯಾರಿಗೂ ಬೇಡ, ಆಗ ಅದು ಬಂದರೆ ಮದುವೆಗೆ ಹೆಣ್ಣು ಕೊಡುತ್ತಿದ್ದರು. ಹೊಸ ಘಟಕ ಕಟ್ಟುತ್ತಿದ್ದ ಔರಂಗಾಬಾದಿನಲ್ಲಿ ನಮ್ಮ ಕಂಪನಿಯ ಕಂಪ್ಯೂಟರ್ ವಿಭಾಗವಿತ್ತು. ಅಲ್ಲಿನ ಮುಖ್ಯಸ್ಥರು ವೈದ್ಯ ಎಂಬ ಅಡ್ಡಹೆಸರಿನವರು. ಅವರು ಆ ಭಾಷೆಯ ಹೊಸ ಆವೃತ್ತಿ ಬಂದಾಗಲೆಲ್ಲ ಫ್ಲಾಪಿಯಲ್ಲಿ ತುಂಬಿ ಕಳಿಸುತ್ತಿದ್ದರು. ಆ ಸಲ ಬಂದದ್ದು ಪ್ರಯೋಗದ ಆವೃತ್ತಿ. ಅದನ್ನು ಮಾಡಿದವರೇ ಮೊದಲ ಸಾಲಿನಲ್ಲಿ ಬರೆದಿದ್ದರು, ಇದು ಇನ್ನೂ ಪರೀಕ್ಷೆಯಲ್ಲಿದೆ, ನಿಜವಾದ ಕೆಲಸಕ್ಕೆ ಬಳಸಬೇಡಿ ಎಂದು. ವೈದ್ಯರು ಅದನ್ನು ಓದಿದ್ದರೋ ಇಲ್ಲವೋ, ಹೊಸದೆಂಬ ಒಂದೇ ಗುಣ ನೋಡಿ ನಿಜವಾದ ಕೆಲಸಕ್ಕೇ ಹಚ್ಚಿದರು.

ಫ್ಲಾಪಿಯ ಜೊತೆ ಬದಲಾವಣೆಗಳ ಪಟ್ಟಿಯೂ ಬಂತು. ಅದರ ಪೀಠಿಕೆಯನ್ನಷ್ಟೇ ಓದಿದ ನೆನಪು. ಮೊದಲು ತಪ್ಪಾದರೆ ತೆರೆಯ ಮೇಲೆ "ತಪ್ಪು" ಎಂದು ಬರುತ್ತಿತ್ತಂತೆ, ಇನ್ನು ಮುಂದೆ "ಇಲ್ಲಿ ಏನೋ ತಪ್ಪಿರಬಹುದು" ಎಂದು ಬರುತ್ತದಂತೆ. ಕೆಲವು ಹಳೆಯ ಆಜ್ಞೆಗಳು ಸದ್ಯಕ್ಕೆ ನಡೆಯುತ್ತವಂತೆ, ಆದರೆ ಬಳಸದಿರುವುದು ಒಳ್ಳೆಯದಂತೆ, ಮುಂದೊಂದು ದಿನ ತೆಗೆದುಹಾಕಲಾಗುವುದಂತೆ. ಐವತ್ತೈದು ದಾಟಿದ ಹೆಡ್ ಕ್ಲಾರ್ಕುಗಳ ಬಗ್ಗೆ ನಮ್ಮ ಕಂಪನಿ ಮಾತಾಡುತ್ತಿದ್ದ ಧಾಟಿಯೇ ಇದು. ಉಳಿದದ್ದನ್ನು ನಾನು ಓದಲಿಲ್ಲ. ನಮ್ಮಲ್ಲಿ ಇಂಥ ಕಾಗದ ಸುತ್ತೋಲೆಯಾಗಿ ಮೇಜಿನಿಂದ ಮೇಜಿಗೆ ಹೋಗುವ ಪದ್ಧತಿ. ಬಂದಾಗ "ನೋಡಿದೆ" ಎಂಬುದರ ಎದುರು ಸಹಿ ಮಾಡಿ ಮುಂದಿನ ಮೇಜಿಗೆ ದಾಟಿಸಬೇಕು. ಇಡೀ ಆಫೀಸು ನೋಡಿದೆ ಎಂದು ಸಹಿ ಮಾಡಿತು, ಕಂಪ್ಯೂಟರ್ ಕೋಣೆಯ ಬಾಗಿಲಾಚೆ ಎಂದೂ ಕಾಲಿಡದ ಕ್ಯಾಂಟೀನ್ ಮೇಲ್ವಿಚಾರಕನೂ ಸೇರಿ. ಹನ್ನೆರಡು ಸಹಿ ಹೊತ್ತ ಆ ಕಾಗದ ಔರಂಗಾಬಾದಿಗೆ ಮರಳಿತು. ಇಷ್ಟು ಜನ ನೋಡಿದ, ಒಬ್ಬನೂ ಓದದ ಬರಹ ಇನ್ನೊಂದು ಇರಲಾರದು.

ಭಾಷೆಗಳು ಬದಲಾಗುವ ಬಗೆಯೇ ವಿಚಿತ್ರ. ನಮ್ಮ ಕನ್ನಡ ಹಳೆಯದರಿಂದ ಹೊಸದಕ್ಕೆ ಬರುವಾಗ ಯಾರೂ ಪಟ್ಟಿ ಕಳಿಸಲಿಲ್ಲ. ಱ ಎಂಬ ಅಕ್ಷರ ಹೋಯಿತು, ೞ ಹೋಯಿತು, ಹೋದದ್ದು ಹೋದವರಿಗೂ ತಿಳಿಯಲಿಲ್ಲ. ನನ್ನ ಮನೆಯಲ್ಲೇ ಆಗ ಒಂದು ಪ್ರಯೋಗದ ಆವೃತ್ತಿ ತಯಾರಾಗುತ್ತಿತ್ತು. ನಾಶಿಕದ ಓಣಿಯಲ್ಲಿ ಆಡಿ ಬೆಳೆದ ಮಗಳು ಬಾಗಿಲಲ್ಲಿ ನಿಂತು, "ಅಪ್ಪಾ, ಆಯೀ ಜೇವಣಕ್ಕ ಬೋಲಾವತಾಳ" ಎನ್ನುತ್ತಿದ್ದಳು. ಅಮ್ಮ ಊಟಕ್ಕೆ ಕರೆಯುತ್ತಾಳೆ ಎಂದರ್ಥ. ಕ್ರಿಯಾಪದ ಮರಾಠಿ, ಬಾಲ ಕನ್ನಡ. ಪರೀಕ್ಷೆಯಲ್ಲಿದ್ದ ಭಾಷೆಯಾದರೂ ಊಟ ಮಾತ್ರ ಒಂದು ದಿನವೂ ತಪ್ಪಲಿಲ್ಲ.

ಆ ಬೇಸಗೆಯಲ್ಲಿ ಔರಂಗಾಬಾದಿನ ಘಟಕಕ್ಕೆ ನಮ್ಮ ಆಫೀಸಿನಿಂದ ಒಬ್ಬರನ್ನು ಕಳಿಸಬೇಕೆಂದು ಆದೇಶ ಬಂತು. ನಿಯಮ ಸರಳ, ಎಲ್ಲರಿಗಿಂತ ಕಿರಿಯರು ಹೋಗಬೇಕು. ತೊಡಕೆಂದರೆ ನಾವು ಒಂಬತ್ತು ಜನವೂ ಕೆಲಸಕ್ಕೆ ಸೇರಿದ್ದು ಒಂದೇ ದಿನ, ಕಾರ್ಖಾನೆಯ ಉದ್ಘಾಟನೆಯ ಬೆಳಿಗ್ಗೆ. ಪೂಜೆ ಮುಗಿದ ಮೇಲೆ ಒಂದು ಮೇಜಿನ ಮುಂದೆ ಸಾಲುಗಟ್ಟಿ ಹಾಜರಿ ಪುಸ್ತಕದಲ್ಲಿ ಸಹಿ ಹಾಕಿದ್ದೆವು. ಆ ಸಾಲಿನ ಕ್ರಮವೇ ನಮ್ಮ ಹಿರಿತನ ಎಂದು ಅಂದಿನಿಂದ ನಡೆದುಬಂದಿತ್ತು. ವರ್ಷಕ್ಕೊಮ್ಮೆ ಪಟ್ಟಿ ಅಚ್ಚಾಗಿ ಬರುತ್ತಿತ್ತು, ರಜೆಗಾಗಲಿ ಕಿಟಕಿಯ ಪಕ್ಕದ ಕುರ್ಚಿಗಾಗಲಿ ಬೇಕಾಗದ್ದರಿಂದ ಅದನ್ನೂ ಯಾರೂ ಓದುತ್ತಿರಲಿಲ್ಲ.

ಹಿರಿತನದ ಪಟ್ಟಿಯ ಪ್ರೋಗ್ರಾಂ ಬರೆದವನು ನಾನೇ. ಹೊಸ ಆವೃತ್ತಿಯಲ್ಲಿ ಓಡಿಸಿದೆ. ಮೊದಲು ಹನ್ನೊಂದು ನಿಮಿಷ ಹಿಡಿಯುತ್ತಿದ್ದ ಇಡೀ ಕಾರ್ಖಾನೆಯ ಪಟ್ಟಿ ನಾಲ್ಕೇ ನಿಮಿಷದಲ್ಲಿ ಮುಗಿಯಿತು. ಉಳಿದ ಏಳು ನಿಮಿಷವನ್ನು ಸಂಭ್ರಮಿಸಲು ಹೋಗಿ ಚಹಾ ಕುಡಿಯುತ್ತ ಅರ್ಧ ಗಂಟೆ ಕಳೆದೆವು. ಬಂದು ನೋಡಿದರೆ ಒಂಬತ್ತರಲ್ಲಿ ನನ್ನ ಹೆಸರು ಮೂರನೆಯದು. ಕೊನೆಯ ಹೆಸರು ಇಂದಿರಾಬಾಯಿ ದೇಸಾಯಿ.

ಇಂದಿರಾಬಾಯಿ ಬಾಗಲಕೋಟೆಯ ಕಡೆಯವರು, ನಮ್ಮ ಟೈಪಿಸ್ಟು. ಗಂಡ ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ. ಆ ಮುದುಕಿ ಸೊಸೆಯ ಕೈಯಿಂದಲ್ಲದೆ ಇನ್ನೊಬ್ಬರ ಕೈಯಿಂದ ತುತ್ತು ನುಂಗುತ್ತಿರಲಿಲ್ಲ. ಬಾಯಿಯವರು ಔರಂಗಾಬಾದಿಗೆ ಹೋದರೆ ಆ ಮನೆ ಎರಡಾಗುತ್ತಿತ್ತು, ಇಲ್ಲವೇ ಅವರು ಕೆಲಸ ಬಿಡಬೇಕಿತ್ತು. ಪಟ್ಟಿ ಹಲಗೆಗೇರಿದ ಕೂಡಲೇ ಅವರು ಚಪ್ಪಲಿ ಬಿಟ್ಟು ಕಂಪ್ಯೂಟರ್ ಕೋಣೆಗೆ ಬಂದರು.

"ಏನ್ರೀ ಪ್ರೋಗ್ರಾಮರ್ ಸಾಹೇಬ್ರ, ನಿಮ್ಮ ಡಬ್ಬಿ ನನ್ನ ಒಂಬತ್ತನೇದಾಕಿನ್ನ ಮಾಡ್ಯದಲ್ಲ?"

"ಬಾಯಾರ, ಮಷೀನು ಸುಳ್ಳು ಹೇಳೂದಿಲ್ಲ."

"ಸುಳ್ಳು ಹೇಳ್ತದ ಅಂತ ನಾ ಎಲ್ಲಿ ಅಂದೆ? ಅದಕ್ಕ ಗೊತ್ತಿಲ್ಲ ಅಂದೆ. ಅವತ್ತ ಅದು ಹುಟ್ಟೇ ಇರಲಿಲ್ಲ. ರಂಗೋಲಿ ಹಾಕಿದಾಕಿ ನಾನು. ಪಗಾರೆ ಮಾಮಾ ಮೇಜು ತಂದಿಟ್ಟು ಮೊದಲನೇ ಸಹಿ ಹಾಕಿದ್ರು, ಅವರ ಹಿಂದ ನಾನು. ರಂಗೋಲಿ ಹಿಟ್ಟು ಪುಸ್ತಕದ ಮ್ಯಾಲೆ ಬಿತ್ತಂತ ಬೈಸಿಕೊಂಡೀನಿ. ಬೈಸಿಕೊಂಡದ್ದು ಮರೀತದೇನ್ರೀ?"

ನಾನು ನಕ್ಕೆ. ಒಂದೇ ದಿನ ಸೇರಿದವರನ್ನು ಸಹಿಯ ಸಾಲಿನಲ್ಲೇ ಇಡಬೇಕೆಂದು ಪ್ರೋಗ್ರಾಮಿನಲ್ಲಿ ನಾನೇ ಬರೆದಿದ್ದೇನೆ, ಆದ್ದರಿಂದ ತಪ್ಪಾಗಲು ಸಾಧ್ಯವಿಲ್ಲ ಎಂದು ವಿವರಿಸಿದೆ. ಪ್ರೋಗ್ರಾಮಿನ ಆ ಸಾಲನ್ನು ಬರೆದದ್ದು ನನಗೆ ಕಣ್ಣಿಗೆ ಕಟ್ಟಿದಂತಿತ್ತು. ಎಡಗಡೆ ಕಿಟಕಿ, ಬಲಗಡೆ ಆರಿದ ಚಹಾ. "ಹಂಗಾರ ತೋರಸ್ರಿ" ಎಂದರು ಬಾಯಿ. ತೋರಿಸಲು ಹೊರಟೆ. ಪ್ರೋಗ್ರಾಮನ್ನು ಮೇಲಿನಿಂದ ಕೆಳಗೆ ಮೂರು ಸಲ ಓದಿದೆ. ಕಿಟಕಿ ಇತ್ತು, ಚಹಾದ ಕಲೆ ಮೇಜಿನ ಮೇಲೆ ಇನ್ನೂ ಇತ್ತು, ಆ ಸಾಲು ಎಲ್ಲೂ ಇರಲಿಲ್ಲ.

"ಇಲ್ಲಿ ಏನೋ ತಪ್ಪಿರಬಹುದು" ಎಂದೆ. ಹೊಸ ಆವೃತ್ತಿಯಿಂದ ಕಲಿತ ಸೌಜನ್ಯ.

ಪರಿಶೀಲಿಸಲು ಬೇರೆ ದಾರಿಯೂ ಇರಲಿಲ್ಲ. ಆ ಹಾಜರಿ ಪುಸ್ತಕ ರದ್ದಿಗೆ ಹೋಗಿತ್ತು. ಎಲ್ಲ ಕಂಪ್ಯೂಟರಿಗೆ ಏರಿದ ಮೇಲೆ ಕಾಗದ ಕಾಪಾಡುವುದು ಅವೈಜ್ಞಾನಿಕ ಎಂದು ನೋಟು ಬರೆದವನು, ಹೇಳಬೇಕಾಗಿಲ್ಲ, ನಾನೇ. ಕಂಪ್ಯೂಟರಿನೊಳಗಿನ ಹಳೆಯ ಕ್ರಮದ ಮೇಲೆ ಹೊಸ ಕ್ರಮ ಕೂತಿತ್ತು, ಅದರ ನಕಲಿದ್ದ ಫ್ಲಾಪಿಯ ಮೇಲೂ ಶಿಸ್ತಾಗಿ ಅದೇ ದಿನ ಹೊಸದನ್ನೇ ಬರೆದಿದ್ದೆ. ಹಿಂದಿನ ವರ್ಷಗಳ ಪ್ರಿಂಟುಗಳು ನಮ್ಮ ನಮ್ಮ ಮಕ್ಕಳ ರಫ್ ವಹಿಗಳಾಗಿ ಮುಗಿದುಹೋಗಿದ್ದವು.

ಪಾಟೀಲ್ ಸಾಹೇಬರು ವರ್ಗದ ಆದೇಶಕ್ಕೆ ಸಹಿ ಮಾಡಲು ಸೋಮವಾರದವರೆಗೆ ತಡೆದರು. ಹೊಸ ಆವೃತ್ತಿಯಲ್ಲಿ ಏನು ಬದಲಾಯಿತೆಂದು ಕೇಳಲು ಶನಿವಾರ ಬೆಳಿಗ್ಗೆ ನಾನು ಮನ್ಮಾಡ್‌ನಲ್ಲಿ ಗಾಡಿ ಬದಲಿಸಿ ಔರಂಗಾಬಾದಿಗೆ ಹೋದೆ. ವೈದ್ಯರು ಫೈಲಿನಿಂದ ಆ ಬದಲಾವಣೆಗಳ ಪಟ್ಟಿ ತೆಗೆದು ಮುಂದಿಟ್ಟರು. ಹನ್ನೊಂದನೆಯದು ಹೀಗಿತ್ತು: ವಿಂಗಡಣೆಯ ವೇಗ ಹೆಚ್ಚಿಸಲಾಗಿದೆ, ಸಮಾನವಾದವುಗಳು ಇನ್ನು ಮುಂದೆ ಬಂದ ಕ್ರಮದಲ್ಲೇ ಉಳಿಯುತ್ತವೆಂಬ ಖಾತ್ರಿ ಇಲ್ಲ.

ಅಂದರೆ ಹೆಸರುಗಳನ್ನು ಕ್ರಮವಾಗಿ ಜೋಡಿಸುವಾಗ ಹಳೆಯ ಆವೃತ್ತಿಗೆ ಒಂದು ಮರ್ಯಾದೆ ಇತ್ತು. ಒಂದೇ ದಿನ ಸೇರಿದ ಇಬ್ಬರು ಸರಿಸಮಾನರು ಎದುರಾದರೆ ಮೊದಲು ಬಂದವರನ್ನು ಮೊದಲಿಗೇ ಬಿಡುತ್ತಿತ್ತು. ಯಾರೂ ಹೇಳಿಕೊಡದೆ, ತಾನಾಗಿ. ನಾನು ಆ ಸಾಲನ್ನು ಎಂದೂ ಬರೆದಿರಲಿಲ್ಲ. ಅದು ಸದ್ದಿಲ್ಲದೆ ಮಾಡುತ್ತಿದ್ದ ಒಳ್ಳೆಯ ಕೆಲಸವನ್ನು ನನ್ನ ನೆನಪು ವರ್ಷಗಟ್ಟಲೆ ನನ್ನ ಹೆಸರಿಗೆ ಬರೆದುಕೊಂಡಿತ್ತು, ಕಿಟಕಿ ಮತ್ತು ಚಹಾ ಸಮೇತ. ಹೊಸದು ಏಳು ನಿಮಿಷ ಉಳಿಸಲು ಆ ಮರ್ಯಾದೆಯನ್ನು ಬಿಟ್ಟಿತ್ತು. ಬಿಟ್ಟಿದ್ದೇನೆ ಎಂದು ಬರೆದು ತಿಳಿಸಿಯೂ ಇತ್ತು, ಅಷ್ಟು ಪ್ರಾಮಾಣಿಕತೆ ಮನುಷ್ಯರಲ್ಲಿ ಅಪರೂಪ.

"ಅಹೋ, ವಾಚಲಂ ನಾಹೀ ಕಾ? ಸಹೀ ತರ ತುಮಚೀಚ ಆಹೇ" ಎಂದರು ವೈದ್ಯರು. ಓದಲಿಲ್ಲವೇ, ಸಹಿಯಂತೂ ನಿಮ್ಮದೇ ಇದೆಯಲ್ಲ ಎಂದು. ನೀವು ಓದಿದ್ದಿರಾ ಎಂದು ಕೇಳಿದೆ. ಅವರಿಗೆ ಬೇಸರವಾಯಿತು. "ಮೈನೇ ತೋ ಫಾರ್ವರ್ಡ್ ಕಿಯಾ ಥಾ." ನಾನು ಮುಂದಕ್ಕೆ ದಾಟಿಸಿದ್ದೆನಷ್ಟೆ ಎಂದು. ಓದುವುದು ಕೆಳಗಿನವರ ಕೆಲಸ, ದಾಟಿಸುವುದು ಮೇಲಿನವರದು ಎಂಬ ವಿಂಗಡಣೆ ಮಾತ್ರ ಯಾವ ಆವೃತ್ತಿಯಲ್ಲೂ ಬದಲಾಗಿಲ್ಲ.

ವಾಪಸು ಬರುವಾಗ ಮನ್ಮಾಡ್ ನಿಲ್ದಾಣದ ಬೆಂಚಿನ ಮೇಲೆ ಮುಂದಿನ ಗಾಡಿಗಾಗಿ ಎರಡು ಗಂಟೆ ಕೂತಿದ್ದೆ. ಕಿಸೆಯಲ್ಲಿ ಆ ಹನ್ನೊಂದನೆಯ ಬದಲಾವಣೆಯ ನಕಲು. ಅದನ್ನು ಅಲ್ಲೇ ಹರಿದು ಹಳಿಯ ಮೇಲೆ ಹಾಕಿದ್ದರೆ ಮಷೀನು ಹೇಳಿದ್ದೇ ಸರಿ ಎಂದಾಗುತ್ತಿತ್ತು, ನನ್ನ ಮೂರನೆಯ ಸ್ಥಾನವೂ ಉಳಿಯುತ್ತಿತ್ತು. ನಾನೇನೂ ಧರ್ಮಾತ್ಮನಲ್ಲ, ಆ ಯೋಚನೆ ಎರಡು ಗಂಟೆಯೂ ಪಕ್ಕದಲ್ಲೇ ಕೂತು ನನ್ನ ಶೇಂಗಾ ತಿಂದಿತು. ಹರಿಯದಿರಲು ಕಾರಣ ಧೈರ್ಯವಲ್ಲ. ಉದ್ಘಾಟನೆಯ ದಿನ ನಾನು ಸಾಲಿನ ನಡುವೆ, ಐದನೆಯವನಾಗಿ, ಕುಲಕರ್ಣಿಯ ಬೆನ್ನ ಹಿಂದೆ ನಿಂತದ್ದು ನನಗೆ ಚೆನ್ನಾಗಿ ನೆನಪಿತ್ತು. ಕುಲಕರ್ಣಿಯ ಕಾಲರಿನ ಮೇಲಿನ ಶಾಯಿಯ ಕಲೆಯೂ ನೆನಪಿತ್ತು. ಸತ್ಯ ಹೇಳಿದರೆ ಎರಡು ಮೆಟ್ಟಿಲು ಇಳಿಯುತ್ತೇನೆ ಅಷ್ಟೆ, ಕೊನೆಯವನಂತೂ ಆಗುವುದಿಲ್ಲ. ಇಷ್ಟು ಅಗ್ಗಕ್ಕೆ ಸಿಗುವ ಸತ್ಯವನ್ನು ಯಾರು ಬಿಡುತ್ತಾರೆ?

ಸೋಮವಾರ ಸಾಹೇಬರ ಮುಂದೆ ಒಪ್ಪಿಕೊಂಡೆ. ಓದದೆ ಸಹಿ ಮಾಡಿದೆ, ಪಟ್ಟಿ ನಂಬುವಂತಿಲ್ಲ, ನಿಜವಾದ ಸಾಲು ಎಲ್ಲೂ ಉಳಿದಿಲ್ಲ ಎಂದೆ. ಸಾಹೇಬರು ಹಣೆ ಒತ್ತಿಕೊಂಡರು. ಆಗ ಬಾಗಿಲ ಬಳಿ ನಿಂತಿದ್ದ ಇಂದಿರಾಬಾಯಿ ಮೊದಲು ಮರಾಠಿಯಲ್ಲಿ ಅವರಿಗೆ, ಆಮೇಲೆ ಕನ್ನಡದಲ್ಲಿ ನನಗೆ ಹೇಳಿದರು. "ಇಡೀ ಸಾಲು ಯಾರಿಗ್ಯಾಕ ನೆನಪಿರ್ಬೇಕ್ರಿ? ನಳದ ಮುಂದ ಕೊಡ ಹಿಡಕೊಂಡು ನಿಂತಾಗ ನಮ್ಮ ಮುಂದಿನಾಕಿ ಯಾರಂತ ನೆನಪಿದ್ರ ಸಾಕು. ಒಬ್ಬೊಬ್ಬರನ್ನ ಕೇಳ್ರಿ, ನಿಮ್ಮ ಮುಂದ ಯಾರಿದ್ರಂತ."

ಗಣಿತ ಓದಿದವನಿಗೆ ಹೊಳೆಯದ್ದು ಇದು. ಒಂಬತ್ತು ಜನರಿಗೂ ಒಂದೊಂದು ಚೀಟಿ ಕೊಟ್ಟು ಬೇರೆ ಬೇರೆ ಕೂರಿಸಿದರು. ಆಮೇಲೆ ಸಾಹೇಬರ ಮೇಜಿನ ಮೇಲೆ ಚೀಟಿಗಳನ್ನು ಒಂದರ ಹಿಂದೊಂದು ಜೋಡಿಸಿದೆವು. ಪಗಾರೆಯ ಚೀಟಿಯಲ್ಲಿ ಯಾರ ಹೆಸರೂ ಇಲ್ಲ, ಇಂದಿರಾಬಾಯಿಯ ಚೀಟಿಯಲ್ಲಿ ಪಗಾರೆ, ಅವರ ಹಿಂದಿನವರ ಚೀಟಿಯಲ್ಲಿ ಇಂದಿರಾಬಾಯಿ. ಹೀಗೆ ಎಂಟು ಚೀಟಿಗಳು ರೈಲು ಡಬ್ಬಿಗಳಂತೆ ಕೊಂಡಿ ಹಾಕಿಕೊಂಡವು. ಒಂದು ಮಾತ್ರ ಹಳಿ ಬಿಟ್ಟು ನಿಂತಿತು. ಕುಲಕರ್ಣಿಯ ಹಿಂದೆ ನಿಂತವನು ತಾನೆಂದು ಶಿಂದೆಯೂ ಬರೆದಿದ್ದ, ನಾನೂ ಬರೆದಿದ್ದೆ. ಶಿಂದೆಯ ಹಿಂದೆ ತಾವು ನಿಂತದ್ದಾಗಿ ಇನ್ನೊಬ್ಬರು ಬರೆದಿದ್ದರು. ನನ್ನ ಹೆಸರನ್ನು ಯಾರೂ ಬರೆದಿರಲಿಲ್ಲ. ಒಂಬತ್ತು ಜನರಲ್ಲಿ ಒಬ್ಬರಿಗೂ ತಮ್ಮ ಮುಂದೆ ನನ್ನ ಬೆನ್ನು ಕಂಡ ನೆನಪಿರಲಿಲ್ಲ.

ಇದಕ್ಕಿಂತ ಅಚ್ಚುಕಟ್ಟಾದ ಪುರಾವೆಯನ್ನು ಧಾರವಾಡದಲ್ಲೂ ನಾನು ಕಂಡಿಲ್ಲ. ಆದರೂ ಗೊಣಗಿದೆ. ಆಗ ನಮ್ಮ ಹಿರಿಯ ಪ್ಯೂನ್ ಪಗಾರೆ ಮೆಲ್ಲಗೆ, ನೋಯಿಸಬಾರದೆಂಬ ದನಿಯಲ್ಲಿ ಹೇಳಿದ. "ಸಾಹೇಬ, ತುಮ್ಹೀ ಉಶಿರಾ ಆಲಾ ಹೋತಾ. ಪೇಢೇ ಸಂಪಲೇ ಹೋತೇ." ನೀವು ತಡವಾಗಿ ಬಂದಿರಿ, ಪೇಢೆ ಮುಗಿದುಹೋಗಿತ್ತು. ಒಡನೆ ಉಳಿದವರಿಗೆಲ್ಲ ನೆನಪಾಯಿತು. ಬಸ್ಸು ತಪ್ಪಿತೆಂದು ನಾನು ಓಡುತ್ತ ಬಂದದ್ದು, ಖಾಲಿಯಾದ ಪೇಢೆ ಪೆಟ್ಟಿಗೆಯೊಳಗೆ ಇಣುಕಿದ್ದು. ಕುಲಕರ್ಣಿಯ ಕಾಲರಿನ ಕಲೆ ನಿಜವಂತೆ. ಅದು ಬೇರೆ ಯಾವುದೋ ದಿನದ್ದಂತೆ.

ನಾನು ಔರಂಗಾಬಾದಿಗೆ ಹೋದೆ. ಇಂದಿರಾಬಾಯಿಯ ಅತ್ತೆ ಸೊಸೆಯ ಕೈಯ ತುತ್ತನ್ನೇ ಉಂಡಳು. ಊರಿನ ಹೆಸರು ಆಮೇಲೆ ಛತ್ರಪತಿ ಸಂಭಾಜಿನಗರ ಎಂದಾಯಿತು. ಆ ಬದಲಾವಣೆಯನ್ನಾದರೂ ದೊಡ್ಡ ಬೋರ್ಡುಗಳ ಮೇಲೆ ಬರೆದರು, ಇಲ್ಲವಾದರೆ ಅದೂ ನನಗೆ ತಿಳಿಯುತ್ತಿರಲಿಲ್ಲ. ವೈದ್ಯರ ಕೈಕೆಳಗೆ ನನಗೆ ಸಿಕ್ಕ ಮೊದಲ ಕೆಲಸ ಮುಂದಿನ ಆವೃತ್ತಿಯ ಬದಲಾವಣೆಗಳನ್ನು ಓದಿ ಸಾರಾಂಶ ಬರೆಯುವುದು. ಬರೆದೆ. ಎಲ್ಲರೂ ನೋಡಿದೆ ಎಂದು ಸಹಿ ಮಾಡಿದರು.

ಹೊರಡುವ ದಿನ ಇಂದಿರಾಬಾಯಿ ಒಂದು ಸ್ಟೀಲ್ ಡಬ್ಬಿಯಲ್ಲಿ ಶೇಂಗಾ ಚಟ್ನಿ ತಂದುಕೊಟ್ಟಿದ್ದರು. ಮುಚ್ಚಳದ ಮೇಲೆ ಒಂದು ಚೀಟಿ ಅಂಟಿಸಿ, "ಇದನ್ನರ ಓದ್ರಿ ಮತ್ತ" ಎಂದಿದ್ದರು. ಹೂಂ ಎಂದೆ. ಚಟ್ನಿ ಒಂದು ವಾರದಲ್ಲಿ ಮುಗಿಯಿತು. ಮೊನ್ನೆ ಅಡಿಗೆಮನೆಯ ಮೇಲಿನ ಖಾನೆ ಒರೆಸುವಾಗ ಆ ಚೀಟಿಯನ್ನು ಮೊದಲ ಸಲ ಓದಿದೆ. "ಡಬ್ಬಿ ನಮ್ಮತ್ತಿಯವರದು, ತಿರುಗಿ ಕಳಸ್ರಿ" ಎಂದಿದೆ.

ಆ ಡಬ್ಬಿಯನ್ನು ನಾನು ಆಗಲೇ ವಾಪಸು ಕೊಟ್ಟಿದ್ದೇನೆ. ನಾಶಿಕಕ್ಕೆ ಹೋಗಿ, ತೊಳೆದು ಒರೆಸಿ, ಅವರ ಕೈಯಲ್ಲೇ ಇಟ್ಟದ್ದು ನನಗೆ ಚೆನ್ನಾಗಿ ನೆನಪಿದೆ. ಎಡಗಡೆ ಕಿಟಕಿಯಿತ್ತು.