ಎಂಜಲಾಗದ ಹಾಡು

ಹೈದರಾಬಾದಿನ ಮಿಯಾಪುರದ ಮೆಟ್ರೋ ಕಂಬಗಳ ಕೆಳಗೆ ಬೀದಿದೀಪಗಳು ಇನ್ನೂ ಆರಿಲ್ಲ. ಬುತ್ತಿಯ ಗಂಟು, ಕರಣಿ, ಹಾರೆಗಳನ್ನು ಪಕ್ಕದಲ್ಲಿಟ್ಟುಕೊಂಡು ಕೂಲಿಕಾರರು ಮೇಸ್ತ್ರಿಗಳ ದಾರಿ ಕಾಯುತ್ತಿದ್ದಾರೆ. ಕೆಲಸ ಸಿಗುವ ಈ ಜಾಗವನ್ನು ಎಲ್ಲರೂ ಅಡ್ಡಾ ಎನ್ನುತ್ತಾರೆ. ಹೆಂಗಸರ ಗುಂಪಿನ ನಡುವೆ ಶಾಂಭವಿ ಕಣ್ಣು ಮುಚ್ಚಿ, ತೊಡೆಯ ಮೇಲೆ ಬೆರಳಿನಿಂದ ತಾಳ ಹಾಕುತ್ತ, ರಾತ್ರಿ ಹೊಸೆದ ಎರಡು ಸಾಲನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಾಳೆ. ಕಣ್ಣು ತೆರೆದು ಪಾರ್ವತೆಮ್ಮನವರ ಮುಖ ನೋಡುತ್ತಾಳೆ.

ಪಾರ್ವತೆಮ್ಮ ಎಲೆ ಅಡಿಕೆ ಒಂದು ದವಡೆಗೆ ಸರಿಸಿ ತೀರ್ಪು ಕೊಡುತ್ತಾರೆ: “ಎಂಜಲ ಐತಿ. ಮೊದಲನೇದು ನಿಂದು. ಎರಡನೇದು ಅವನ್ಯಾರೋ ಟೋಪಿ ತಿರುವಿ ಹಾಕ್ಕೊಂಡು ಕುಣೀತಾನಲ್ಲ, ಮುಂಬೈ ಹುಡುಗ, ಅವಂದು.”

“ಆಯೀ, ನೀ ಅವನ ಹಾಡ ಯಾವಾಗ ಕೇಳಿದಿ?”

“ಮೊಮ್ಮಗ ಹಗಲೆಲ್ಲ ಅದನ್ನ ಹಚ್ಚತಾನ. ನನ್ನ ಹಲ್ಲ ಹೋಗ್ಯಾವ, ಕಿವಿ ಹೋಗಿಲ್ಲ.”

ಸುತ್ತಲಿನವರೆಲ್ಲ ನಗುತ್ತಾರೆ. ಶಾಂಭವಿಯೂ ನಗುತ್ತಾಳೆ, ಎರಡನೇ ಸಾಲನ್ನು ಅಲ್ಲಿಯೇ ಬಿಟ್ಟುಬಿಡುತ್ತಾಳೆ. ಅಷ್ಟರಲ್ಲಿ ಮೇಸ್ತ್ರಿಯೊಬ್ಬ ಬಂದು ಕೊಂಡಾಪುರಕ್ಕೆ ಇಬ್ಬರು ಹೆಂಗಸರು ಬೇಕೆಂದು ತೆಲುಗಿನಲ್ಲಿ ಕೂಗುತ್ತಾನೆ. ಅವಳು ಗಂಟೆತ್ತಿಕೊಂಡು ಆಟೋ ಹತ್ತುತ್ತಾಳೆ. ಸಂಜೆಯವರೆಗೂ ಮೊಣಕಾಲೂರಿ ನೆಲದ ಟೈಲ್ಸುಗಳ ಸಂದಿಗೆ ಬಿಳಿ ಸಿಮೆಂಟು ತುಂಬುವುದು ಅವಳ ಕೆಲಸ. ಬಾಯಿ ಮಾತ್ರ ಹೊಸ ಸಾಲು ಹುಡುಕುತ್ತಲೇ ಇರುತ್ತದೆ.

ಶಾಂಭವಿ ರ್‍ಯಾಪ್ ಹಾಡುತ್ತಾಳೆ, ಅದೂ ಕನ್ನಡದಲ್ಲಿ. ಯಾವ ಕಂಪನಿಯ ಹಂಗೂ ಇಲ್ಲದೆ ಪದವನ್ನೂ ತಾಳವನ್ನೂ ತಾನೇ ಕಟ್ಟಿ, ಫೋನಿನಲ್ಲಿಯೇ ಧ್ವನಿಮುದ್ರಿಸಿ ಹೊರಬಿಡುತ್ತಾಳೆ. ಮೊದಲ ಹಾಡು ಕೇಳಿದವರು ಅಡ್ಡಾದವರು, ಊರಿನ ನೆಂಟರು, ಅಷ್ಟೆ. ಅವಳು ಕೈಗೂಸಾಗಿದ್ದಾಗ ತಂದೆ ಮಾಣಿಕಪ್ಪ, ತಾಯಿ ಗದಿಗೆಮ್ಮ ಯಾದಗಿರಿ ಕಡೆಯ ಹಳ್ಳಿಯಿಂದ ದುಡಿಯಲು ಬಂದರು. ಮಾಣಿಕಪ್ಪ ಕಾಂಕ್ರೀಟು ಸುರಿಯಲು ಹಲಗೆಗಳ ಸೆಂಟ್ರಿಂಗ್ ಕಟ್ಟುವುದರಲ್ಲಿ ಪಳಗಿದ ಕೈ. ಆರು ವರ್ಷದ ಹಿಂದೆ, ಮುಗಿಯುತ್ತ ಬಂದ ಕಟ್ಟಡವೊಂದರ ಅಟ್ಟಣೆಯಿಂದ ಬಿದ್ದು ತೀರಿಕೊಂಡರು.

ಎಂಜಲು ಎಂಬ ಮಾತು ಈ ಹೆಂಗಸರಿಗೆ ಬಂದದ್ದು ಮದುವೆಯ ಮನೆಯಿಂದ. ಆ ಸೀಮೆಯಲ್ಲಿ ಹೊಸ ಮದುಮಗಳು ಗಂಡನ ಮನೆಯ ಹೊಸಿಲು ದಾಟುವ ಮುಂಚೆ ಹೆಂಗಸರು ಬಾಗಿಲಿಗೆ ಅಡ್ಡ ನಿಂತು “ಹೆಸರ ಹೇಳು, ಹೆಸರ ಹೇಳು” ಎಂದು ಕಾಡುತ್ತಾರೆ. ಗಂಡನ ಹೆಸರನ್ನು ಬರಿದೆ ಹೇಳುವಂತಿಲ್ಲ. ಪ್ರಾಸ ಕೂಡಿಸಿ ಒಡಪು ಕಟ್ಟಿ ಹೇಳಬೇಕು. ಮತ್ತೊಬ್ಬಳು ಹೇಳಿದ್ದನ್ನು ಹೇಳಿದರೆ ಎಂಜಲೆಂದು ನಗೆಯಾಡಿ ಹೊರಗೇ ನಿಲ್ಲಿಸುತ್ತಾರೆ. ದೇವರ ಎಡೆಗೆ ಎಂಜಲು ಸಲ್ಲದಂತೆ ಹೊಸ ಬಾಳಿನ ಬಾಗಿಲಿಗೂ ಸಲ್ಲದು.

ಒಡಪಿನಲ್ಲಿ ಗದಿಗೆಮ್ಮನವರನ್ನು ಮೀರಿಸುವವರು ಇರಲಿಲ್ಲ. “ಹಸರ ಸೀರಿ ಉಟ್ಟೀನಿ, ತೊಟ್ಟೀನಿ ಹಸರ ಬಳಿ, ಮಾಣಿಕಪ್ಪ ಬಂದ್ರಂದ್ರ ಅಂಗಳಕ್ಕ ಮಳಿ” ಎಂದು ಅಂದು ಹೊಸಿಲ ಮೇಲೆ ನಿಂತು ಹೇಳಿದ್ದನ್ನು ಪಾರ್ವತೆಮ್ಮ ಇಂದಿಗೂ ನೆನೆಯುತ್ತಾರೆ. ಹಬ್ಬ, ಮದುವೆಗಳಲ್ಲಿ ಮುತ್ತೈದೆಯರನ್ನೂ ಹೀಗೆ ಹೆಸರು ಕೇಳುವುದುಂಟು; ಗಂಡ ಹೋದ ಮೇಲೆ ಗದಿಗೆಮ್ಮನವರನ್ನು ಯಾರೂ ಕೇಳಲಿಲ್ಲ. ವಿಧವೆಯನ್ನು ಕೇಳುವ ಪದ್ಧತಿಯಿಲ್ಲ. ಸತ್ತವರ ಹೆಸರು ಮನೆಯಲ್ಲಿ ಹೀಗೆಯೇ ಸವೆಯುತ್ತದೆ. ಕೆಲವು ದಿನ ಎಲ್ಲರ ಬಾಯಲ್ಲೂ ಇರುತ್ತದೆ. ಆಮೇಲೆ “ಅವರು” ಎಂದಾಗುತ್ತದೆ. ಆಮೇಲೆ ಪಟಕ್ಕೆ ಹೂವೇರಿಸುವಾಗಿನ ಮೌನವಾಗುತ್ತದೆ.

ಶಾಂಭವಿಗೆ ಅಪ್ಪನ ಮೇಲೊಂದು ಹಾಡು ಕಟ್ಟಬೇಕಿತ್ತು. ನಾರಾಯಣಗೂಡದ ಕಾಲೇಜೊಂದರ ಸಭಾಂಗಣದಲ್ಲಿ, ಸ್ವತಂತ್ರವಾಗಿ ಹಾಡುವವರ ಸಂಜೆಗೆ ಅವಳನ್ನು ಕರೆದಿದ್ದರು. ನುಡಿಗಳು ಸಿದ್ಧವಿದ್ದವು, ಪಲ್ಲವಿ ಒಲಿದಿರಲಿಲ್ಲ. ಸುದ್ದಿ ತಿಳಿದು ಹಾಡಿನ ಕಂಪನಿಯೊಂದರ ನಚಿಕೇತ ಅವಳನ್ನು ಕಂಡ. ಧಾರವಾಡದ ಕಡೆಯಿಂದ ಬಂದು ನಗರದಲ್ಲಿ ನೆಲೆಸಿದ ಮನೆಯ ಹುಡುಗ, ಮಾತು ಸವಿ.

“ಶಾಂಭವಿಯವರೆ, ನುಡಿ ಭಾಳ ಛಲೋ ಅದಾವರಿ. ಪಲ್ಲವಿ ನಾವು ಕೊಡ್ತೀವಿ. ಈಗ ಎಲ್ಲಾ ಕಡೆ ಓಡಾಕತ್ತೈತಲ್ಲ, ಅದೇ ಧಾಟಿ. ಒಂದು ತಿಂಗಳದಾಗ ಇಡೀ ಹೈದರಾಬಾದ್ ಹಾಡ್ತದ.”

“ಓಡಾಕತ್ತಿದ್ದು ಓಡ್ಲಿ ಬಿಡ್ರಿ,” ಎಂದಳು ಶಾಂಭವಿ. “ನಮ್ಮಪ್ಪನ್ನ ಅದರ ಬೆನ್ನ ಹಿಂದ ಯಾಕ ಓಡಿಸ್ಲಿ?”

ಆದರೆ ದಿನ ಹತ್ತಿರ ಬಂದಂತೆ ಅವಳೇ ಎಡವಿದಳು. ತಾಯಿಯ ಹಳೆಯ ಒಡಪನ್ನೇ ಪಲ್ಲವಿ ಮಾಡಿ, ಮನೆಯ ಸ್ವತ್ತಲ್ಲವೇ ಎಂಬ ಸಲುಗೆಯಿಂದ ಅಡ್ಡಾದಲ್ಲಿ ಹಾಡಿದಳು. ಪಾರ್ವತೆಮ್ಮ ಪಕ್ಕಕ್ಕೆ ನೋಡಿದರು. ಅಲ್ಲಿ ಗದಿಗೆಮ್ಮ ಕೂತಿದ್ದರು.

“ಅದು ನಂದು,” ಎಂದರು ಗದಿಗೆಮ್ಮ. “ಬದುಕಿದ್ದ ಗಂಡಗ ಹೇಳಿದ್ದು. ನಿಂಗ ಹೇಳಾಕ ನಿನ್ನ ಮಾತ ಇಲ್ಲೇನು? ಅವ್ವಂದಾದ್ರೂ ಎಂಜಲ ಎಂಜಲ.”

ಆ ದಿನ ತಾಯಿ ಮಗಳು ಬೇರೆ ಬೇರೆ ಆಟೋ ಹತ್ತಿದರು. ಕೊಂಡಾಪುರದ ಕಟ್ಟಡದಲ್ಲಿ ಸಂದಿ ತುಂಬುತ್ತ ಶಾಂಭವಿ ಅತ್ತಳು. ಮಧ್ಯಾಹ್ನ ರೊಟ್ಟಿ ತಿನ್ನಲು ಕೆಳಗಿಳಿದಾಗ ಗೇಟಿನ ಪಕ್ಕ ಹೊಸದಾಗಿ ನೆಟ್ಟ ಕರಿಕಲ್ಲು ಕಂಡಿತು. ಕಟ್ಟಿಸಿದವರ ಹೆಸರು, ನಕ್ಷೆ ಬರೆದವರ ಹೆಸರು, ಉದ್ಘಾಟಿಸುವವರ ಹೆಸರು ಚಿನ್ನದ ಅಕ್ಷರಗಳಲ್ಲಿದ್ದವು. ಕಲ್ಲನ್ನು ಹೊತ್ತು ತಂದ ಅಡ್ಡಾದ ಮೌನಪ್ಪ ಅದರ ನೆರಳಿನಲ್ಲೇ ಮಲಗಿದ್ದ. ಪಲ್ಲವಿ ಅವಳಿಗೆ ಅಲ್ಲಿಯೇ ಸಿಕ್ಕಿತು. ಅವಳು ರೊಟ್ಟಿ ಬಿಟ್ಟು ಎದ್ದಳು.

ನಾರಾಯಣಗೂಡದ ಸಭೆ ಕಿಕ್ಕಿರಿದಿತ್ತು. ಮುಕ್ಕಾಲು ಮಂದಿಗೆ ಕನ್ನಡ ತಿಳಿಯದು. ಅವಳು ಮೊದಲು ಪಲ್ಲವಿಯ ಎರಡೇ ಪದ ಕಲಿಸಿದಳು: ಹೆಸರ ಹೇಳು. ಅರ್ಥವನ್ನು ತೆಲುಗಿನಲ್ಲೂ ಹಿಂದಿಯಲ್ಲೂ ಹೇಳಿದಳು. ತಾಳ ಎದ್ದಿತು.

“ಮುಗಿಲಿಗೆ ಮೆಟ್ಟಲ ಕಟ್ಟಿದ ಕೈ ಯಾವುದು?
ಗೇಟಿನ ಕಲ್ಲಿಗೆ ಕೂಡದ ಹೆಸರ ಯಾವುದು?
ಕಲ್ಲಿಗೆ ಬಿಲ್ಡರ, ಬಾಗಿಲಿಗೆ ಮಾಲಕ,
ಸೆಂಟ್ರಿಂಗ್ ಕಟ್ಟಿದಾವ ಯಾವ ತಾಯಿ ಬಾಲಕ?”

“ಹೆಸರ ಹೇಳು! ಹೆಸರ ಹೇಳು!” ಎಂದು ಸಭೆ ಗುಡುಗಿತು. ಪ್ರತಿ ನುಡಿಯ ಕೊನೆಗೆ ಅವಳು ದುಡಿಯುವವರೊಬ್ಬರ ಹೆಸರು ಹೇಳಿದಳು. ಮೌನಪ್ಪ ಎಂದಾಗ ಹಿಂದಿನ ಸಾಲಿನಲ್ಲಿ ಅಡ್ಡಾದವರು ಸಿಳ್ಳೆ ಹೊಡೆದರು. ಪಾರ್ವತೆಮ್ಮ ಎಂದಾಗ ಮುದುಕಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಕೊನೆಯ ನುಡಿ ಅಪ್ಪನದು. ಜನ ಕೂಗಿದರು. ಶಾಂಭವಿ ಮೈಕನ್ನು ಬಾಯಿಗೆ ತಂದು ಹಾಗೆಯೇ ಕೆಳಗಿಳಿಸಿದಳು. ತಾಳ ಓಡುತ್ತಲೇ ಇತ್ತು. ಜನ ಮತ್ತೆ ಕೂಗಿದರು: ಹೆಸರ ಹೇಳು!

ಹಿಂದಿನ ಸಾಲಿನಲ್ಲಿ ಗದಿಗೆಮ್ಮ ಎದ್ದು ನಿಂತರು. ಮೈಕಿಲ್ಲ, ಯಾರ ಅಪ್ಪಣೆಯೂ ಇಲ್ಲ. ನಡೆದು ಬಂದು ವೇದಿಕೆ ಹತ್ತಿ ಮಗಳ ಕೈ ಹಿಡಿದರು.

“ಬಳಿ ಇಲ್ಲದ ಕೈಯಾಗ ಮಗಳ ಕೈ ಹಿಡಿದೀನಿ,
ಮಾಣಿಕಪ್ಪನ ಹೆಸರ ಸಭಾದಾಗ ನುಡಿದೀನಿ!”

ಮರುಗಳಿಗೆಗೆ ಮಾಣಿಕಪ್ಪ, ಮಾಣಿಕಪ್ಪ ಎಂಬ ಕೂಗು ಸೂರು ಮುಟ್ಟಿತು. ಕನ್ನಡ ಬಾರದವರ ಬಾಯಲ್ಲೂ ಆ ಹೆಸರು ನೆಟ್ಟಗೆ ಹೊರಳಿತು. ಯಾದಗಿರಿ ಕಡೆಯ ಸೆಂಟ್ರಿಂಗ್ ಕೆಲಸದವನೊಬ್ಬನ ಹೆಸರನ್ನು ನಗರ ಮೊದಲ ಸಲ ಗಟ್ಟಿಯಾಗಿ ಉಚ್ಚರಿಸಿತು.

ಕೆಳಗಿಳಿದಾಗ ನಚಿಕೇತ ಕಾಯುತ್ತಿದ್ದ. “ಏನೂ ಬದಲಿಸೋದು ಬ್ಯಾಡರಿ. ಇದ್ದಂಗ ಕೊಡ್ರಿ ಸಾಕು” ಎಂದ. ಶಾಂಭವಿ ಕೈಮುಗಿದಳು, ಕೊಡಲಿಲ್ಲ. ಹಾಡು ಅವಳ ಹೆಸರಿನಲ್ಲೇ ಹೊರಬಂತು, ಕಡೆಯ ನುಡಿಗೆ ಗದಿಗೆಮ್ಮನವರ ಹೆಸರಿನೊಂದಿಗೆ. ಮೇಸ್ತ್ರಿಗಳ ಫೋನಿನಲ್ಲಿ, ಆಟೋಗಳಲ್ಲಿ, ಕಾಲೇಜಿನ ಅಂಗಳಗಳಲ್ಲಿ ಅದು ಈಗ ಕೇಳಿಬರುತ್ತಿದೆ. ತಮ್ಮವರ ಹೆಸರನ್ನೂ ಸೇರಿಸೆಂದು ಬೇರೆ ಅಡ್ಡಾಗಳಿಂದ ಜನ ಹುಡುಕಿಕೊಂಡು ಬರುತ್ತಾರೆ. ಶಾಂಭವಿ ಇನ್ನೂ ಕೂಲಿಗೆ ಹೋಗುತ್ತಾಳೆ. ಹಾಡಲು ಕಲಿಯಬೇಕೆಂದು ಬರುವ ಕೂಲಿಕಾರರ ಹುಡುಗಿಯರನ್ನು ಭಾನುವಾರ ಕೂರಿಸಿಕೊಳ್ಳುತ್ತಾಳೆ.

ಮುಂದೇನು ಆಸೆ ಎಂದು ಕೇಳಿದರೆ ಕೈಯ ಬಿಳಿ ಸಿಮೆಂಟನ್ನು ಉಜ್ಜಿಕೊಳ್ಳುತ್ತ ಹೇಳುತ್ತಾಳೆ.

“ಇನ್ನ ನಾಕು ಹುಡುಗೇರು ಎದ್ದು ಹಾಡಬೇಕ್ರಿ. ನನಗಿಂತ ಛಲೋ ಹಾಡ್ಲಿ. ನನ್ನಂಗ ಮಾತ್ರ ಹಾಡಬಾರ್ದು.”