ಅಳಿಸಿಹೋದ ದೃಷ್ಟಿಬೊಟ್ಟು

ಮರಳವಾಡಿಯಲ್ಲಿ ಆಗಷ್ಟೇ ಬೆಳಕು ಹರಿಯುತ್ತಿದೆ. ಲತಾಮಣಿಯವರ ಪಡಸಾಲೆಯಲ್ಲಿ ಫೋಟೊಗ್ರಾಫರ್ ಬೀರೇಶ್ ಮಂಡಿಯೂರಿ ಕೂತು, ಕ್ಯಾಮೆರಾ ಮಡಿಲಲ್ಲಿಟ್ಟುಕೊಂಡು, ಥೇಟ್ ಕುರಿಮರಿಯಂತೆ ಅರಚುತ್ತಿದ್ದಾರೆ. ಕುರಿ ಸಾಕುವ ಮನೆಯಲ್ಲಿ ಹುಟ್ಟಿದವರಿಗೆ ಅದನ್ನು ಯಾರೂ ಕಲಿಸಬೇಕಿಲ್ಲ. ಲತಾಮಣಿಯವರ ಮಗಳು, ರಕ್ತದ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿರುವ ಪುಟ್ಟಿ, ಮೊದಲು ಮುಖ ತಿರುಗಿಸುತ್ತಾಳೆ, ಆಮೇಲೆ ತಡೆಯಲಾರದೆ ನಗುತ್ತಾಳೆ. ಬಾಗಿಲಿಂದ ಬಂದ ಎಳೆ ಬೆಳಕಿನಲ್ಲಿ ಆ ನಗು ಕ್ಯಾಮೆರಾಕ್ಕೆ ಸಿಕ್ಕುತ್ತದೆ. ಫ್ಲ್ಯಾಶ್ ಕಾಯಿಲೆಯ ಕಣ್ಣಿಗೆ ಚುಚ್ಚುತ್ತದೆಂದೇ ಬೀರೇಶ್ ಈ ಹೊತ್ತಿಗೆ ಬರುವುದು.

"ಅಣ್ಣ, ಮೂಗಿನ ಪೈಪು ಅಳಿಸ್ಬುಡಿ, ತಲೆಗೆ ಒಸಿ ಕೂದ್ಲು ಮಾಡ್ಕೊಡಿ" ಎಂದು ಲತಾಮಣಿ ಕೇಳುತ್ತಾರೆ.

"ಅದೊಂದು ಕೇಳ್ಬೇಡಿ ಕಣಕ್ಕ. ಹೆಂಗವ್ಳೋ ಹಂಗೇ ಕೊಡ್ತೀನಿ. ಬೇಕಂದ್ರೆ ಟೋಪಿ ಹಾಕಿ, ಇನ್ನೊಂದು ತೆಗೀತೀನಿ."

ಕುದೂರಿನ ಬಸ್ ನಿಲ್ದಾಣದ ಬಳಿ ಬೀರೇಶ್ ಅವರದು ಅಂಗೈಯಗಲದ ಸ್ಟುಡಿಯೊ. ಮದುವೆ, ನಾಮಕರಣ, ಪಾಸ್‌ಪೋರ್ಟ್ ಅಳತೆಯ ಫೋಟೊಗಳು ಹೊಟ್ಟೆಪಾಡು. ಭಾನುವಾರ ಮಾತ್ರ ಬೈಕ್ ಹತ್ತಿ, ಆಶಾ ಕಾರ್ಯಕರ್ತೆಯರು ಹೇಳಿಕಳಿಸಿದ ಮನೆಗಳಿಗೆ ಹೋಗಿ, ತೀವ್ರ ಕಾಯಿಲೆಯ ಮಕ್ಕಳ ಫೋಟೊ ತೆಗೆದು ಕಟ್ಟು ಹಾಕಿಸಿ ಕೊಡುತ್ತಾರೆ, ಪುಕ್ಕಟೆಯಾಗಿ. ಹಿಂದೆ ಜನ ತೀರಿಹೋದ ಮಗುವಿನ ಆಧಾರ್ ಕಾರ್ಡ್ ಹಿಡಿದು, ಅದರ ಫೋಟೊ ದೊಡ್ಡದು ಮಾಡಿಕೊಡಿ ಎಂದು ಬರುತ್ತಿದ್ದರಂತೆ. "ಆ ಕಾರ್ಡಲ್ಲಿ ಯಾವ ಮಗು ಅದ್ರ ಥರ ಕಾಣ್ತದೆ ಹೇಳಿ? ಇದ್ದಾಗ್ಲೇ ನೆಟ್ಟಗೆ ಒಂದು ತೆಗೀಬಾರ್ದಾ ಅನ್ನುಸ್ತು."

ಎಲ್ಲ ಮನೆಯಲ್ಲೂ ಮಣೆ ಹಾಕಿ ಕರೆಯುವುದಿಲ್ಲ. ಫೋಟೊ ತೆಗೆದರೆ ಆಯುಸ್ಸು ಕಮ್ಮಿಯಾಗುತ್ತದೆಂದು ಅಜ್ಜಿಯರು ಬಾಗಿಲಲ್ಲೇ ತಡೆದದ್ದುಂಟು. ಬೀರೇಶ್ ಮುನಿಸಿಕೊಳ್ಳದೆ, ಕೊಟ್ಟ ನೀರು ಕುಡಿದು ವಾಪಸಾಗುತ್ತಾರೆ. ಅವರ ಎದೆ ಕೊರೆಯುವ ಸಂಗತಿ ಬೇರೆಯೇ ಇದೆ.

ಅಶ್ವಥ್ ಎಂಬ ಹುಡುಗ, ಮಾಗಡಿ ಕಡೆಯವನು, ಹೃದಯದ ಕಾಯಿಲೆ. ಫೋಟೊಕ್ಕೆ ಕೂರಿಸುವ ಮುನ್ನ ತಾಯಿ ಶಿವಲಿಂಗಮ್ಮ ಅವನ ಕೆನ್ನೆಗೆ ಕಾಡಿಗೆಯ ದೃಷ್ಟಿಬೊಟ್ಟು ಇಟ್ಟರು. ಬೀರೇಶ್ ಅವರದೋ, ಮದುವೆ ಹೆಣ್ಣುಗಳ ಮೊಡವೆ ಅಳಿಸಿ ಅಳಿಸಿ ಪಳಗಿದ ಕೈ. ಕಂಪ್ಯೂಟರ್ ಮುಂದೆ ಕೂತು ಮುಖದ ಕಲೆಗಳ ಜೊತೆ ಬೊಟ್ಟನ್ನೂ ಅಳಿಸಿದರು. ಮರುದಿನ ಮದುವೆಯೊಂದಿತ್ತೆಂದು ಕ್ಯಾಮೆರಾದ ಮೆಮೊರಿ ಕಾರ್ಡ್ ಖಾಲಿ ಮಾಡಿದಾಗ ಮೂಲ ಚಿತ್ರವೂ ಹೋಯಿತು. ಕಟ್ಟು ಹಾಕಿಸಿದ ಫೋಟೊ ಹಿಡಿದು ಹೋಗುವಷ್ಟರಲ್ಲಿ ಅಶ್ವಥ್ ತೀರಿಕೊಂಡಿದ್ದ. ಶಿವಲಿಂಗಮ್ಮ ಫೋಟೊ ನೋಡಿ ಕೇಳಿದ್ದು ಒಂದೇ ಮಾತು, "ಬೊಟ್ಟೆಲ್ಲಿ?"

ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರಲ್ಲ, ಅಂದಿನಿಂದ ಬೀರೇಶ್ ಮಕ್ಕಳ ಫೋಟೊದಲ್ಲಿ ಒಂದು ಚುಕ್ಕೆಯನ್ನೂ ಅಳಿಸಿಲ್ಲ. ಬಂದ ಬುದ್ಧಿ ಹೋದ ಬೊಟ್ಟನ್ನು ತಂದುಕೊಡುವುದಿಲ್ಲ, ಸಂಕಟವೆಲ್ಲ ಅದೇ.

ಈ ಯುಗಾದಿ ಕಳೆದ ಮೇಲೆ ಶಿವಲಿಂಗಮ್ಮ ತಾವೇ ಫೋಟೊ ಹಿಡಿದು ಸ್ಟುಡಿಯೊಗೆ ಬಂದರು. ಬೊಟ್ಟು ಮತ್ತೆ ಇಡೋಕಾಗ್ತದಾ ಎಂದು ಕೇಳಿದರು. ಬೀರೇಶ್ ಅವರಿಗೆ ಹೋದ ಜೀವ ಬಂದಂತಾಯಿತು. ಅದೆಷ್ಟು ಹೊತ್ತಿನ ಕೆಲಸ? ಆಕೆಯನ್ನು ಪಕ್ಕದಲ್ಲೇ ಕೂರಿಸಿಕೊಂಡು, ಕಂಪ್ಯೂಟರಿನಲ್ಲಿ ಅಶ್ವಥನ ಕೆನ್ನೆಗೆ ಕಪ್ಪು ಚುಕ್ಕೆ ಇಟ್ಟು ತೋರಿಸಿದರು.

ಆಕೆ ಬಹಳ ಹೊತ್ತು ನೋಡಿದರು. "ಇಷ್ಟು ದುಂಡಗಿರ್ಲಿಲ್ಲ ಕಣಪ್ಪ. ಅವತ್ತು ನನ್ ಕೈ ನಡುಗ್ತಿತ್ತು."

ಬೀರೇಶ್ ಚುಕ್ಕೆಯನ್ನು ಓರೆ ಮಾಡಿದರು, ತುಸು ಸವರಿದರು. ಏನು ಮಾಡಿದರೂ ಅದು ಅವತ್ತಿನ ಬೊಟ್ಟಾಗಲಿಲ್ಲ. ಶಿವಲಿಂಗಮ್ಮ ಅದನ್ನು ಅಳಿಸಲು ಹೇಳಿ, ಹಳೆಯ ಫೋಟೊವನ್ನೇ ಸೆರಗಿನಲ್ಲಿ ಸುತ್ತಿಕೊಂಡು ಊರಿನ ಬಸ್ಸು ಹತ್ತಿದರು.

"ನಾನು ಕಲೆ ಅನ್ಕೊಂಡೆ ಸಾರ್" ಎನ್ನುತ್ತಾರೆ ಬೀರೇಶ್. "ಅದು ಆಯಮ್ಮನ ಕೈ. ಕಸ ಗುಡಿಸ್ದಂಗೆ ಗುಡಿಸ್ಬುಟ್ಟೆ."